ಗದಗಿನ ಸ್ಪಿನ್ ಮಾಸ್ತರ

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೊಮೀಟರ್. ನಡುವೆ ಹುಲಕೋಟಿ, ಅಣ್ಣಿಗೇರಿ. ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಎರೆ ಹೊಲ. ದವಾಖಾನೆಗೆ, ಕೋರ್ಟಿಗೆ, ಕಾಲೇಜಿಗೆ, ಅರಿವೆ ಅಂಗಡಿಗೆ ಎಂದು ದಿನ ಬೆಳಗಾದರೆ ಈ ದಾರಿಯಲ್ಲಿ ಓಡಾಡುವವರಿಗೆ ಲೆಕ್ಕವಿಲ್ಲ. ಎಂಬತ್ತರ ದಶಕದಲ್ಲಿ ಗದಗಿನ ಹುಡುಗನೊಬ್ಬ ಇದೇ ದಾರಿಯನ್ನು ನಸುಕಿನಲ್ಲಿ ಹಿಡಿಯುತ್ತಿದ್ದ. ಹುಬ್ಬಳ್ಳಿಯಲ್ಲಿ ಕ್ರಿಕೆಟ್ ಅಭ್ಯಾಸ. ಅದು ಮುಗಿದೊಡನೆ ಶಾಲೆಯ ಗಂಟೆ ಬಾರಿಸುವುದರೊಳಗೆ ಮತ್ತೆ ಗದಗ. ಹೋಗಿ ಬರಲು 120 ಕಿಲೊಮೀಟರ್. ಚೆಂಡು ಎಸೆದದ್ದು ಎಷ್ಟು ಹೊತ್ತೋ, ದಾರಿಯಲ್ಲಿ ಕಳೆದದ್ದು ಅದಕ್ಕಿಂತ ಹೆಚ್ಚೇ ಇದ್ದೀತು.

ಆ ಹುಡುಗನೇ ಸುನಿಲ್ ಬಂಡಾಚಾರ್ಯ ಜೋಶಿ. ಹುಟ್ಟಿದ್ದು 1970ರ ಜೂನ್ 6ರಂದು, ಗದಗಿನಲ್ಲಿ. ಎಡಗೈ ಸ್ಪಿನ್ ಬೌಲರ್, ಕೆಳಗಿನ ಕ್ರಮಾಂಕದಲ್ಲಿ ನೆಚ್ಚಬಹುದಾದ ಬ್ಯಾಟ್ಸ್‌ಮನ್. ಭಾರತದ ಪರವಾಗಿ 15 ಟೆಸ್ಟ್, 69 ಒಂದು ದಿನದ ಪಂದ್ಯ. ಊರಿನ ಜನ ಈ ಲೆಕ್ಕವನ್ನು ಬಲ್ಲರು. ನೈರೋಬಿಯ ಆ ಒಂದು ದಿನವನ್ನಂತೂ ಕಟ್ಟೆಯ ಮೇಲೆ ಕೂತ ಹಿರಿಯರೂ ಬಾಯಿಪಾಠ ಹೇಳಿಯಾರು. ಆದರೆ ಜೋಶಿಯವರ ಬದುಕಿನಲ್ಲಿ ಇನ್ನೊಂದು ಅಧ್ಯಾಯವಿದೆ. ಅದು ಆಟ ನಿಲ್ಲಿಸುವ ಹೊತ್ತಿಗೆ ಶುರುವಾದದ್ದು, ಕಾಶ್ಮೀರದಿಂದ ಢಾಕಾದ ತನಕ, ಒಮಾನಿನಿಂದ ಅಮೆರಿಕದ ತನಕ ಹರಡಿಕೊಂಡದ್ದು. ಆ ಅಧ್ಯಾಯ ಯಾವ ಸ್ಕೋರ್‌ಬೋರ್ಡಿನಲ್ಲಿಯೂ ಸಿಗುವುದಿಲ್ಲ.

ಚಾಪೆಯಿಂದ ಮಣ್ಣಿಗೆ

ಮೊದಲು ಆಟಗಾರನ ಕತೆಯನ್ನು ಸ್ವಲ್ಪದರಲ್ಲಿ ಹೇಳಿಬಿಡಬೇಕು. ಇಲ್ಲವಾದರೆ ಮಾಸ್ತರನ ಕತೆ ಅರ್ಥವಾಗದು.

ಉತ್ತರ ಕರ್ನಾಟಕದ ಊರುಗಳಲ್ಲಿ ಆ ಕಾಲದ ಕ್ರಿಕೆಟ್ ಎಂದರೆ ಬಹುಮಟ್ಟಿಗೆ ಚಾಪೆಯ ಕ್ರಿಕೆಟ್. ಗಟ್ಟಿ ನೆಲದ ಮೇಲೆ ಕಾಥಿನ ಮ್ಯಾಟ್ ಬಿಗಿದು, ನಾಲ್ಕು ಕಡೆ ಗೂಟ ಹೊಡೆದರೆ ಪಿಚ್ ಸಿದ್ಧ. ಚಾಪೆಯ ಮೇಲೆ ಚೆಂಡು ಸಮನಾಗಿ ಪುಟಿಯುತ್ತದೆ, ಎತ್ತರಕ್ಕೂ ಏಳುತ್ತದೆ, ಬೆರಳು ತಿರುವಿದರೆ ಸಾಕು, ಗರ್ರನೆ ತಿರುಗುತ್ತದೆ. ಸ್ಪಿನ್ ಬೌಲರನಿಗೆ ಇದೊಂದು ಸುಖ. ಮೋಸವೂ ಹೌದು. ಬೆಂಗಳೂರಿಗೆ ಹೋಗಿ ಮಣ್ಣಿನ ಪಿಚ್ ಮೇಲೆ ನಿಂತಾಗ ಅದೇ ಚೆಂಡು ಮೊದಲ ದಿನ ಮಿಸುಕಾಡುವುದಿಲ್ಲ. ಆಗ ನೆಲವನ್ನು ಬಿಟ್ಟು ಗಾಳಿಯಲ್ಲಿಯೇ ಬ್ಯಾಟ್ಸ್‌ಮನ್ನನಿಗೆ ಮೋಸ ಮಾಡುವುದನ್ನು ಕಲಿಯಬೇಕಾಗುತ್ತದೆ. ದೊಡ್ಡ ಊರಿನ ಹುಡುಗರು ಹತ್ತನೆಯ ವಯಸ್ಸಿಗೆ ಕಲಿಯುವುದನ್ನು ಹಳ್ಳಿ ಕಡೆಯವರು ಇಪ್ಪತ್ತರಲ್ಲಿ ಕಲಿಯುತ್ತಾರೆ.

ಜೋಶಿ ಕರ್ನಾಟಕ ತಂಡಕ್ಕೆ ಬಂದದ್ದು 1992-93ರಲ್ಲಿ, 22ರ ವಯಸ್ಸಿಗೆ. ರಾಜ್ಯ ತಂಡದಲ್ಲಿ ಎಡಗೈ ಸ್ಪಿನ್ ಎಂದರೆ ವರ್ಷಗಟ್ಟಲೆ ಎ. ರಘುರಾಮ್ ಭಟ್ ಎಂದಿದ್ದ ಕಾಲ ಆಗ ಮುಗಿಯುತ್ತಲಿತ್ತು. ಮೂರು ವರ್ಷ ಕಳೆದು 1995-96ರ ರಣಜಿ ಸಾಲಿನಲ್ಲಿ ಜೋಶಿ 500ಕ್ಕೂ ಹೆಚ್ಚು ರನ್ ಹೊಡೆದು 50ಕ್ಕೂ ಹೆಚ್ಚು ವಿಕೆಟ್ ಕಿತ್ತರು. ಒಂದೇ ಸಾಲಿನಲ್ಲಿ ಎರಡನ್ನೂ ಮಾಡುವುದು ಹುಡುಗಾಟವಲ್ಲ. ಆ ವರ್ಷ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 1997-98, 1998-99ರಲ್ಲಿ ಮತ್ತೆ ಗೆದ್ದಿತು. ಅನಿಲ್ ಕುಂಬ್ಳೆ, ಶ್ರೀನಾಥ್, ವೆಂಕಟೇಶ ಪ್ರಸಾದ್, ದ್ರಾವಿಡ್ ಇದ್ದ ತಂಡ ಅದು. ಅವರು ಭಾರತ ತಂಡದ ಕೆಲಸದ ಮೇಲೆ ಹೋದಾಗಲೆಲ್ಲ ರಾಜ್ಯದ ಬೌಲಿಂಗ್ ಹೊರೆ ಯಾರ ಹೆಗಲಿಗೆ ಬೀಳುತ್ತಿತ್ತೆಂದು ಹೇಳಬೇಕಾಗಿಲ್ಲ. ಜೋಶಿ 2012ರಲ್ಲಿ ನಿವೃತ್ತಿ ಘೋಷಿಸಿದಾಗ ಪ್ರಥಮ ದರ್ಜೆಯ 160 ಪಂದ್ಯಗಳಲ್ಲಿ 615 ವಿಕೆಟ್, ಐದು ಸಾವಿರಕ್ಕೂ ಹೆಚ್ಚು ರನ್ ಅವರ ಹೆಸರಿನಲ್ಲಿದ್ದವು.

ಭಾರತ ತಂಡದ ಕತೆ ಇಷ್ಟು ಉದ್ದವಿಲ್ಲ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ದಕ್ಷಿಣ ಆಫ್ರಿಕ 117ಕ್ಕೆ ಆಲ್ ಔಟ್. ಒಂದು ದಿನದ ಕ್ರಿಕೆಟ್ಟಿನಲ್ಲಿ ಹತ್ತು ಓವರಿಗೆ ಆರು ರನ್ ಕೊಟ್ಟು ಐದು ವಿಕೆಟ್ ಪಡೆದವನ ಹೆಸರು ಇಪ್ಪತ್ತೈದು ವರ್ಷ ಕಳೆದರೂ ಮಾಸುವುದಿಲ್ಲ. ಮರುವರ್ಷ, 2000ದ ನವೆಂಬರ್ 10ರಿಂದ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಅಮೀನುಲ್ ಇಸ್ಲಾಂ 145 ಹೊಡೆದು, ಹೊಸ ತಂಡ 400 ರನ್ ಮಾಡಿ ಸೌರವ್ ಗಂಗೂಲಿ ಬಳಗದ ಎದೆ ನಡುಗಿಸಿತ್ತು. ಆ ಇನಿಂಗ್ಸಿನಲ್ಲಿ ಜೋಶಿಗೆ 5 ವಿಕೆಟ್. ನಂತರ ಬ್ಯಾಟ್ ಹಿಡಿದು 92 ರನ್. ಭಾರತದ 429ರಲ್ಲಿ ಅದೇ ಅತಿ ಹೆಚ್ಚಿನದು. ಎರಡನೆಯ ಇನಿಂಗ್ಸಿನಲ್ಲಿ 27 ರನ್ನಿಗೆ ಮತ್ತೆ 3 ವಿಕೆಟ್. ಬಾಂಗ್ಲಾ 91ಕ್ಕೆ ಕುಸಿದು ಭಾರತ 9 ವಿಕೆಟ್ಟಿನಿಂದ ಗೆದ್ದಿತು. ಪಂದ್ಯ ಪುರುಷ ಸುನಿಲ್ ಜೋಶಿ. ಅದಾದ ಮೇಲೆ ಅವರಿಗೆ ಹೆಚ್ಚು ಟೆಸ್ಟ್ ಸಿಗಲಿಲ್ಲ. ಒಟ್ಟು 15 ಟೆಸ್ಟ್, 41 ವಿಕೆಟ್. ವೆಂಕಟಪತಿ ರಾಜು, ನೀಲೇಶ್ ಕುಲಕರ್ಣಿ, ಮುರಳಿ ಕಾರ್ತಿಕ್ ಎಂದು ಎಡಗೈಯವರ ಸರದಿ ದೊಡ್ಡದಿತ್ತು. ಕುಂಬ್ಳೆಯ ಪಕ್ಕದ ಆ ಒಂದೇ ಜಾಗಕ್ಕೆ ಮೂರ್ನಾಲ್ಕು ಮಂದಿ ಕಾದು ನಿಂತಿರುತ್ತಿದ್ದರು.

ಒಂದು ತುಣುಕಿನ ಗುರು

ಜೋಶಿಯವರು ಮೊದಲ ಟೆಸ್ಟ್ ಆಡಿದ್ದು 1996ರ ಜೂನ್ 6ರಂದು, ಇಂಗ್ಲೆಂಡಿನ ಎಜ್‌ಬಾಸ್ಟನ್ ಮೈದಾನದಲ್ಲಿ. ಅಂದೇ ಅವರಿಗೆ 26 ತುಂಬಿತ್ತು. ಭಾರತ ಎಂಟು ವಿಕೆಟ್‌ಗಳಿಂದ ಸೋತ ಆ ಪಂದ್ಯವನ್ನು ಯಾರೂ ಬಹಳ ನೆನೆಯುವುದಿಲ್ಲ. ಆದರೆ ಅದರಲ್ಲೊಂದು ಚೋದ್ಯವಿದೆ. ಅಂದು ಭಾರತದ ಟೆಸ್ಟ್ ಟೊಪ್ಪಿಗೆ ಮೊದಲ ಬಾರಿ ಹಾಕಿಕೊಂಡವರು ನಾಲ್ವರು: ಜೋಶಿ, ವೆಂಕಟೇಶ ಪ್ರಸಾದ್, ಪಾರಸ್ ಮಾಂಬ್ರೆ, ವಿಕ್ರಮ್ ರಾಠೋಡ್. ಪ್ರಸಾದ್ ಮುಂದೆ 2007ರಿಂದ 2009ರ ತನಕ ಭಾರತ ತಂಡದ ಬೌಲಿಂಗ್ ಕೋಚ್ ಆದರು. ರಾಠೋಡ್ 2019ರಿಂದ ಬ್ಯಾಟಿಂಗ್ ಕೋಚ್, ಮಾಂಬ್ರೆ 2021ರಿಂದ ಬೌಲಿಂಗ್ ಕೋಚ್. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಭಾರತ ಟ್ವೆಂಟಿ-20 ವಿಶ್ವ ಕಪ್ ಎತ್ತಿದಾಗ ಇಬ್ಬರೂ ತಂಡದ ಜೊತೆಯಲ್ಲಿದ್ದರು. ನಾಲ್ಕನೆಯವರು ಸ್ಪಿನ್ ಕೋಚ್. ಒಂದೇ ದಿನ ಟೆಸ್ಟ್ ಆಟಗಾರರಾದ ನಾಲ್ವರೂ ಆಮೇಲೆ ಆಟದ ಒಂದೊಂದು ತುಣುಕಿಗೆ ಗುರುಗಳಾದರು.

ಒಂದೊಂದು ತುಣುಕಿಗೆ ಒಬ್ಬ ಗುರು ಎಂಬುದು ಕ್ರಿಕೆಟ್ಟಿಗೆ ಹೊಸತು. ಜೋಶಿಯವರು ಭಾರತಕ್ಕೆ ಆಡುತ್ತಿದ್ದ ವರ್ಷಗಳಲ್ಲಿ ತಂಡದ ಜೊತೆ ಸ್ಪಿನ್ನಿಗಾಗಿಯೇ ಒಬ್ಬ ಕಾಯಂ ಕೋಚ್ ಇರಲಿಲ್ಲ. ಇದ್ದದ್ದನ್ನು ಹಿರಿಯ ಬೌಲರನ ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕು. ಅಮೆರಿಕದವರ ಫುಟ್‌ಬಾಲಿನಲ್ಲಿ ಈ ಪದ್ಧತಿ ಬಹಳ ಹಳೆಯದು. ಆ ಆಟದಲ್ಲಿ ದಾಳಿಗೆ ಒಂದು ಪಡೆ, ರಕ್ಷಣೆಗೆ ಒಂದು ಪಡೆ, ಚೆಂಡನ್ನು ಒದೆಯುವ ಸಂದರ್ಭಗಳಿಗೆಂದೇ ಇನ್ನೊಂದು ವಿಶೇಷ ಪಡೆ. ಆ ಮೂರನೆಯ ಪಡೆಗೇ ಒಬ್ಬ ಕೋಚ್. ಕಾಲೇಜು ತಂಡಗಳಲ್ಲಿಯೂ ಅಷ್ಟೆ. ಜಾನ್ ಹಾರ್ಬೊ ಎಂಬಾತ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಈ ವಿಶೇಷ ಪಡೆಯನ್ನು ಪಳಗಿಸಿದ. ಆಮೇಲೆ ವೃತ್ತಿಪರ ತಂಡವಾದ ಫಿಲಡೆಲ್ಫಿಯ ಈಗಲ್ಸಿನಲ್ಲಿಯೂ ಅದೇ ಕೆಲಸ. 2008ರಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡದ ಮುಖ್ಯ ಕೋಚ್ ಆಗಿ, 2013ರ ಫೆಬ್ರವರಿಯಲ್ಲಿ ಅಲ್ಲಿನ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲ್ ಗೆದ್ದ. ಎದುರಾಳಿ ತಂಡದ ಕೋಚ್ ಯಾರೆಂದರೆ ಅವನ ಒಡಹುಟ್ಟಿದ ತಮ್ಮ! ಅದಿರಲಿ. ಒದೆತದ ಕೋಚ್ ಮುಖ್ಯ ಕೋಚ್ ಆಗುವುದು ಅಲ್ಲಿಯೂ ಅಪರೂಪವೇ. ಪಂದ್ಯ ಗೆದ್ದಾಗ ಮುಖ್ಯಸ್ಥನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಒಂದು ಒದೆತ ತಪ್ಪಿದಾಗ ಮಾತ್ರ ಒದೆತದ ಕೋಚ್ ಯಾರೆಂದು ಜನ ಕೇಳುತ್ತಾರೆ.

ಗದಗಿನವರಿಗೆ ಇದನ್ನು ತಿಳಿಸಿ ಹೇಳಲು ಅಮೆರಿಕದ ತನಕ ಹೋಗಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮದ ಬಾಗಿಲಲ್ಲಿ ಒಂದು ಗಳಿಗೆ ನಿಂತರೆ ಸಾಕು. ಒಂದು ಕಡೆ ಗಾಯನ, ಒಂದು ಕಡೆ ತಬಲಾ, ಇನ್ನೊಂದು ಮೂಲೆಯಲ್ಲಿ ಹಾರ್ಮೋನಿಯಂ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳ ಬೆರಳು ಹಿಡಿದು ತಿದ್ದಿದ ಊರು ಇದು. ತಬಲಾ ಕಲಿಸುವವರು ಇಡೀ ಕಛೇರಿಯ ಹೊಣೆ ಹೊರುವುದಿಲ್ಲ. ಆ ಒಂದು ಬೆರಳು ಚರ್ಮದ ಮೇಲೆ ಎಲ್ಲಿ ಬೀಳಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದಷ್ಟೇ ಅವರ ಚಿಂತೆ. ಸ್ಪಿನ್ ಕೋಚ್ ಮಾಡುವುದೂ ಇದೇ ಬೆರಳ ಕೆಲಸವನ್ನು.

ಗಾಳಿ, ಬೆರಳು, ಮಣ್ಣು

ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಎಡಗೈ ಸ್ಪಿನ್ ಬೌಲರ್ ಅದನ್ನು ತೋರುಬೆರಳಿನಿಂದ ತಿರುವಿ ಬಿಡುತ್ತಾನೆ. ಗಂಟೆಗೆ 85 ಕಿಲೊಮೀಟರ್ ವೇಗದಲ್ಲಿ ಹೊರಟ ಚೆಂಡು ಬ್ಯಾಟ್ಸ್‌ಮನ್ನನನ್ನು ಮುಟ್ಟಲು ಒಂದು ಸೆಕೆಂಡೂ ಬೇಡ. ಅಷ್ಟರಲ್ಲಿ ಎರಡು ಸಂಗತಿಗಳು ನಡೆಯುತ್ತವೆ.

ಮೊದಲನೆಯದು ಗಾಳಿಯಲ್ಲಿ. ತಿರುಗುತ್ತ ಮುಂದೆ ಸಾಗುವ ಚೆಂಡು ತನ್ನ ಮೈಗೆ ಅಂಟಿದ ಗಾಳಿಯನ್ನೂ ಎಳೆದುಕೊಂಡು ತಿರುಗುತ್ತದೆ. ಒಂದು ಪಕ್ಕದಲ್ಲಿ ಚೆಂಡಿನ ಮೈ ಎದುರು ಬರುವ ಗಾಳಿಯೊಂದಿಗೆ ಒಂದೇ ದಿಕ್ಕಿನಲ್ಲಿ ಓಡುತ್ತದೆ, ಇನ್ನೊಂದು ಪಕ್ಕದಲ್ಲಿ ಅದಕ್ಕೆ ಎದುರಾಗಿ. ಇದರಿಂದ ಚೆಂಡಿನ ಹಿಂದೆ ಗಾಳಿ ಒಂದು ಬದಿಗೆ ತಳ್ಳಲ್ಪಡುತ್ತದೆ, ಚೆಂಡು ಅದರ ವಿರುದ್ಧ ಬದಿಗೆ ಸರಿಯುತ್ತದೆ. ಟೆನಿಸ್ ಚೆಂಡು ಹೀಗೆ ಬಾಗುವುದನ್ನು ನ್ಯೂಟನ್ ಹದಿನೇಳನೆಯ ಶತಮಾನದಲ್ಲಿಯೇ ಗುರುತಿಸಿದ್ದ. ಹೆಸರು ಮಾತ್ರ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್‌ನದು. ಬಲಗೈ ಬ್ಯಾಟ್ಸ್‌ಮನ್ನನಿಗೆ ಎಡಗೈ ಸ್ಪಿನ್ನರನ ಚೆಂಡು ಗಾಳಿಯಲ್ಲಿ ಒಳಕ್ಕೆ ತೇಲಿ ಬಂದಂತೆ ಕಾಣುತ್ತದೆ. ಆತ ಅದಕ್ಕೆ ತಕ್ಕಂತೆ ಬ್ಯಾಟನ್ನು ಒಳಗೆ ತರುತ್ತಾನೆ. ಆಗ ನಡೆಯುತ್ತದೆ ಎರಡನೆಯ ಸಂಗತಿ: ಚೆಂಡು ನೆಲ ಕಚ್ಚಿ ಹೊರಕ್ಕೆ ತಿರುಗುತ್ತದೆ. ಬ್ಯಾಟಿನ ಅಂಚು, ಸ್ಲಿಪ್ ಫೀಲ್ಡರನ ಕೈ. ಈ ಎರಡು ಎದುರುಬದುರು ಚಲನೆಗಳನ್ನು ಒಂದೇ ಚೆಂಡಿನಲ್ಲಿ ಕೂಡಿಸುವುದೇ ಆ ವಿದ್ಯೆ. ಕೆಲವೊಮ್ಮೆ ಅದೇ ಕೈಯಿಂದ, ಅದೇ ಓಟದಿಂದ ತಿರುಗದ ಚೆಂಡನ್ನೂ ಬಿಡಬೇಕು. ತಿರುವನ್ನು ನಂಬಿ ಆಡಿದವನ ಪ್ಯಾಡಿಗೋ ಸ್ಟಂಪಿಗೋ ಅದು ನೆಟ್ಟಗೆ ಹೋಗಿ ಬಡಿಯುತ್ತದೆ.

ಇನ್ನು ಮಣ್ಣು. ನಮ್ಮ ಕಡೆಯ ಒಕ್ಕಲಿಗನಿಗೆ ಇದರ ಪಾಠ ಬೇಡ. ಗದಗಿನ ಎರೆ ಹೊಲ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಕಪ್ಪತಗುಡ್ಡದ ಬುಡಕ್ಕೆ, ಶಿರಹಟ್ಟಿ ಮುಂಡರಗಿಯ ಕಡೆಗೆ ಹೋದಂತೆ ಕೆಂಪು ಮಸಾರಿ ಸಿಗುತ್ತದೆ. ಅದರ ಗುಣವೇ ಬೇರೆ. ಕ್ರಿಕೆಟ್ ಪಿಚ್ಚುಗಳಲ್ಲಿಯೂ ಇದೇ ಎರಡು ಜಾತಿ. ಕಪ್ಪು ಜೇಡಿಯ ಪಿಚ್ ರೋಲರ್ ಕೆಳಗೆ ಬಿಗಿಯಾಗಿ ಕೂರುತ್ತದೆ, ಚೆಂಡು ನಿಧಾನವಾಗಿ, ತಗ್ಗಿನಲ್ಲಿ ಬರುತ್ತದೆ. ಕೆಂಪು ಮಣ್ಣಿನದು ಹೆಚ್ಚು ಪುಟಿಸುತ್ತದೆ, ಬೇಗ ಪುಡಿಯಾಗುತ್ತದೆ. ಮುಂಬಯಿಯ ವಾಂಖೆಡೆ ಕೆಂಪು, ಢಾಕಾದ ಮೀರ್‌ಪುರ ಕಪ್ಪು. ಒಂದರಲ್ಲಿ ಗೆಲ್ಲಿಸಿದ ವೇಗ ಇನ್ನೊಂದರಲ್ಲಿ ಸೋಲಿಸುತ್ತದೆ. ಬೆಳಿಗ್ಗೆ ಪಿಚ್ಚಿನ ಮೇಲೆ ಬಗ್ಗಿ ಕೀಲಿಕೈಯಿಂದ ಕೆದರಿ, ಇಂದು ಎಷ್ಟು ನಿಧಾನ, ಎಷ್ಟು ಮುಂದೆ, ಯಾವ ಮೂಲೆಯಿಂದ ಎಂದು ಹುಡುಗನ ಕಿವಿಯಲ್ಲಿ ಹೇಳುವುದಕ್ಕೆಂದೇ ಸ್ಪಿನ್ ಕೋಚ್‌ಗೆ ಸಂಬಳ.

ಕಾಶ್ಮೀರ, ಅಸ್ಸಾಂ, ಒಮಾನ್

ಜೋಶಿಯವರ ಕೋಚ್ ಕೆಲಸ ದೊಡ್ಡ ಮನೆಯಿಂದ ಶುರುವಾಗಲಿಲ್ಲ. ಹೈದರಾಬಾದ್ ತಂಡದ ಕೋಚ್ ಆಗಿದ್ದವರು 2014-15ರ ಸಾಲಿಗೆ ಜಮ್ಮು ಮತ್ತು ಕಾಶ್ಮೀರ ತಂಡವನ್ನು ಕೈಗೆತ್ತಿಕೊಂಡರು. ಅದಕ್ಕೂ ಕೆಲವು ವರ್ಷ ಮೊದಲು ಅಲ್ಲಿ ಇನ್ನೊಬ್ಬ ದೊಡ್ಡ ಎಡಗೈ ಸ್ಪಿನ್ನರ್, ಬಿಷನ್ ಸಿಂಗ್ ಬೇಡಿ ಕಲಿಸಿ ಹೋಗಿದ್ದರು. 2014ರ ಸೆಪ್ಟೆಂಬರಿನಲ್ಲಿ ಝೇಲಂ ಉಕ್ಕಿ ಶ್ರೀನಗರ ಮುಳುಗಿತು, ಕ್ರಿಕೆಟ್ ಮೈದಾನವೂ ನೀರಿನಡಿಗೆ ಹೋಯಿತು. ಅಭ್ಯಾಸಕ್ಕೆ ಸರಿಯಾದ ನೆಲವಿಲ್ಲದೆ ಬಂದ ಆ ತಂಡ ಡಿಸೆಂಬರಿನಲ್ಲಿ ವಾಂಖೆಡೆಯಲ್ಲಿ, ಆ ಹೊತ್ತಿಗೆ 40 ಸಲ ರಣಜಿ ಗೆದ್ದಿದ್ದ ಮುಂಬಯಿಯನ್ನು 4 ವಿಕೆಟ್‌ಗಳಿಂದ ಸೋಲಿಸಿತು. ಪರ್ವೇಜ್ ರಸೂಲ್ ನಾಯಕ; ಶುಭಂ ಖಜೂರಿಯಾ ಎಂಬ ಹುಡುಗ ಮೊದಲ ಇನಿಂಗ್ಸಿನಲ್ಲಿ ಶತಕ, ಎರಡನೆಯದರಲ್ಲಿ 78 ಬಾರಿಸಿದ್ದ. ಮುಂಬಯಿ ತನ್ನ ಮನೆಯಂಗಳದಲ್ಲಿ ಕಾಶ್ಮೀರಕ್ಕೆ ಸೋತಿತೆಂದರೆ ಮರುದಿನ ಪತ್ರಿಕೆ ಓದಿದವರು ಅಚ್ಚಿನ ತಪ್ಪಿರಬೇಕೆಂದು ಇನ್ನೊಮ್ಮೆ ಓದಿದ್ದಾರು.

ಆಮೇಲೆ ಅಸ್ಸಾಂ. ಈ ಎರಡೂ ಕಡೆ ಜೋಶಿ ಇಡೀ ತಂಡದ ಹೊಣೆ ಹೊತ್ತವರು. ಯಾರೂ ಲೆಕ್ಕಕ್ಕಿಡದ ತಂಡಗಳು, ಮೈದಾನವಿಲ್ಲದ ಊರುಗಳು. ಚಾಪೆಯ ಮೇಲೆ ಕಲಿತವನಿಗೆ ಇಂಥ ಹುಡುಗರ ಕಷ್ಟ ಬಾಯಿ ಬಿಟ್ಟು ಹೇಳಬೇಕಾಗಿ ಬಂದಿರಲಿಕ್ಕಿಲ್ಲ.

ತುಣುಕಿನ ಗುರುವಾಗಿ ಹೊರದೇಶಕ್ಕೆ ಹೋದದ್ದು 2016ರ ಟ್ವೆಂಟಿ-20 ವಿಶ್ವ ಕಪ್ಪಿಗೆ, ಒಮಾನ್ ತಂಡದ ಸ್ಪಿನ್ ಕೋಚ್ ಆಗಿ. ಮುಖ್ಯ ಕೋಚ್ ಶ್ರೀಲಂಕದ ದುಲೀಪ್ ಮೆಂಡಿಸ್. ಹೊಟ್ಟೆಪಾಡಿಗೆ ಮಸ್ಕತ್ತಿಗೆ ಹೋಗಿ ಅಲ್ಲಿಯೇ ಆಟ ಹಿಡಿದವರೇ ಹೆಚ್ಚಾಗಿದ್ದ ತಂಡ. ಅದರ ಅಜಯ್ ಲಾಲ್ಚೇತಾ, ಆಮಿರ್ ಕಲೀಮ್ ಇಬ್ಬರೂ ಎಡಗೈ ಸ್ಪಿನ್ನರುಗಳು. ಮಾರ್ಚ್ 9ರಂದು ಧರ್ಮಶಾಲೆಯಲ್ಲಿ ಒಮಾನ್ ತಂಡ ಐರ್ಲೆಂಡನ್ನು 2 ವಿಕೆಟ್ಟಿನಿಂದ ಸೋಲಿಸಿದ್ದು ಆ ಪಂದ್ಯಾವಳಿಯ ಮೊದಲ ಸುದ್ದಿ. ಪಂದ್ಯಾವಳಿ ಮುಗಿಯಿತು, ಕೆಲಸವೂ ಮುಗಿಯಿತು. ಈ ವೃತ್ತಿಯ ಗುಣವೇ ಅದು. ಶಾಲೆಯ ಮಾಸ್ತರನಿಗೆ ವರ್ಗವಾದರೂ ಪಗಾರ ನಿಲ್ಲುವುದಿಲ್ಲ. ಇವರಿಗೆ ಕರಾರು ಮುಗಿದ ದಿನವೇ ಚೀಲ ಕಟ್ಟುವ ದಿನ.

ಮತ್ತೆ ಢಾಕಾ

2017ರ ಆಗಸ್ಟಿನಲ್ಲಿ ಬಾಂಗ್ಲಾದೇಶ ಕ್ರಿಕೆಟ್ ಮಂಡಳಿ ಜೋಶಿಯವರನ್ನು ಸ್ಪಿನ್ ಸಲಹೆಗಾರರನ್ನಾಗಿ ಕರೆಸಿಕೊಂಡಿತು. ಹದಿನೇಳು ವರ್ಷದ ಹಿಂದೆ ಆ ದೇಶದ ಮೊದಲ ಟೆಸ್ಟಿನ ಸಡಗರಕ್ಕೆ ತಣ್ಣೀರೆರಚಿದವರನ್ನೇ ಕರೆದರು! ಅದರಲ್ಲಿ ಅರ್ಥವಿತ್ತು. ಬಾಂಗ್ಲಾದೇಶ ಎಡಗೈ ಸ್ಪಿನ್ನರುಗಳ ಬೀಡು. ಅಬ್ದುರ್ ರಜಾಕ್, ಶಕೀಬ್ ಅಲ್ ಹಸನ್, ತೈಜುಲ್ ಇಸ್ಲಾಂ ಎಂದು ಒಬ್ಬರ ಬೆನ್ನಿಗೊಬ್ಬರು ಬಂದ ನಾಡು. ಎಡಗೈ ತಿರುವನ್ನು ಬಲ್ಲ ಕಣ್ಣು ಅಲ್ಲಿಗೆ ಬೇಕಿತ್ತು.

ಜೋಶಿ ಸೇರಿದ ತಿಂಗಳಲ್ಲೇ, ಆಗಸ್ಟ್ 30ರಂದು, ಬಾಂಗ್ಲಾದೇಶ ಮೀರ್‌ಪುರದಲ್ಲಿ ಆಸ್ಟ್ರೇಲಿಯಾವನ್ನು 20 ರನ್ನಿನಿಂದ ಸೋಲಿಸಿತು. ಟೆಸ್ಟಿನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಅವರಿಗೆ ಅದು ಮೊದಲ ಗೆಲುವು. ಶಕೀಬ್ ಎರಡೂ ಇನಿಂಗ್ಸಿನಲ್ಲಿ ಐದೈದು ವಿಕೆಟ್ ಪಡೆದರು. ಶಕೀಬ್‌ನಂಥ ಪಳಗಿದ ಆಟಗಾರನಿಗೆ ಎರಡು ವಾರದಲ್ಲಿ ಯಾರು ಏನು ಕಲಿಸಿಯಾರು ಎಂದು ಕೇಳಬಹುದು. ಕೇಳುವುದು ನ್ಯಾಯವೇ. ಇಂಥ ಗೆಲುವಿನಲ್ಲಿ ಕೋಚ್‌ನ ಪಾಲು ಇಷ್ಟೇ ಎಂದು ತೂಗಿ ತೋರಿಸುವ ತಕ್ಕಡಿ ಇಲ್ಲ.

ಮರುವರ್ಷದ ಲೆಕ್ಕ ಇನ್ನೂ ದೊಡ್ಡದು. 2018ರ ನವೆಂಬರ್, ಡಿಸೆಂಬರ್ ತಿಂಗಳಿನಲ್ಲಿ ವೆಸ್ಟ್ ಇಂಡೀಸ್ ಎರಡು ಟೆಸ್ಟ್ ಆಡಲು ಬಂತು. ಎರಡನ್ನೂ ಬಾಂಗ್ಲಾದೇಶ ಗೆದ್ದಿತು. ಎರಡು ಟೆಸ್ಟ್, ನಾಲ್ಕು ಇನಿಂಗ್ಸ್, 40 ವಿಕೆಟ್. ನಲವತ್ತಕ್ಕೆ ನಲವತ್ತೂ ಸ್ಪಿನ್ನರುಗಳಿಗೆ. ಶಕೀಬ್, ತೈಜುಲ್, ಮೆಹದಿ ಹಸನ್ ಮಿರಾಜ್, ನಯೀಮ್ ಹಸನ್ ಈ ನಾಲ್ವರೇ ಅವನ್ನೆಲ್ಲ ಹಂಚಿಕೊಂಡರು. ಮೀರ್‌ಪುರದ ಎರಡನೆಯ ಪಂದ್ಯದಲ್ಲಿ ಮೆಹದಿ 12 ವಿಕೆಟ್ ಕಿತ್ತರು, ಬಾಂಗ್ಲಾದೇಶ ತನ್ನ ಟೆಸ್ಟ್ ಚರಿತ್ರೆಯಲ್ಲಿ ಮೊದಲ ಬಾರಿಗೆ ಇನಿಂಗ್ಸ್ ಅಂತರದಿಂದ ಗೆದ್ದಿತು. ತೈಜುಲ್ ಚಟ್ಟೋಗ್ರಾಮದಲ್ಲಿ 33 ರನ್ನಿಗೆ 6 ವಿಕೆಟ್ ಪಡೆದಿದ್ದರು. ಅದೇ ಪಂದ್ಯದಲ್ಲಿ ಮೊದಲ ಟೆಸ್ಟ್ ಆಡಿದ ನಯೀಮ್‌ಗೆ ಇನ್ನೂ 18 ತುಂಬಿರಲಿಲ್ಲ. ಮೊದಲ ಇನಿಂಗ್ಸಿನಲ್ಲಿಯೇ 5 ವಿಕೆಟ್ ಪಡೆದು, ಪದಾರ್ಪಣೆಯ ಟೆಸ್ಟಿನಲ್ಲಿ ಈ ಸಾಧನೆ ಮಾಡಿದ ಅತ್ಯಂತ ಕಿರಿಯನಾದ. ಈ ಹುಡುಗ ಹುಟ್ಟಿದ್ದು 2000ದ ಡಿಸೆಂಬರ್ 2ರಂದು. ಢಾಕಾದಲ್ಲಿ ಜೋಶಿ ಪಂದ್ಯ ಪುರುಷರಾಗಿ ಇಪ್ಪತ್ತು ದಿನ ಸಹ ಆಗಿರಲಿಲ್ಲ.

2019ರ ವಿಶ್ವ ಕಪ್ ಮುಗಿದಾಗ ಬಾಂಗ್ಲಾದೇಶ ಕರಾರನ್ನು ಮುಂದುವರಿಸಲಿಲ್ಲ. ಆ ಜಾಗಕ್ಕೆ ನ್ಯೂಜಿಲೆಂಡಿನ ಡೇನಿಯಲ್ ವೆಟ್ಟೋರಿ ಬಂದರು, ಅವರೂ ಎಡಗೈಯವರೇ. ನಲವತ್ತು ವಿಕೆಟ್ಟಿನ ಲೆಕ್ಕ ಪುಸ್ತಕದಲ್ಲಿ ಉಳಿಯಿತು, ಅದರ ಪಕ್ಕದಲ್ಲಿ ಕೋಚ್‌ನ ಹೆಸರಿಗೆ ಕಾಲಂ ಇಲ್ಲ. ಅದೇ ವರ್ಷ ಜೋಶಿ ಅಮೆರಿಕದ ಕ್ರಿಕೆಟ್ ತಂಡಕ್ಕೂ ಸ್ಪಿನ್ ಪಾಠ ಹೇಳಿದರು. ಒದೆತಕ್ಕೇ ಒಬ್ಬ ಕೋಚ್ ಇಟ್ಟುಕೊಂಡ ದೇಶದವರಿಗೆ ಸ್ಪಿನ್ನಿಗೆ ಒಬ್ಬ ಕೋಚ್ ಏಕೆಂದು ಬಿಡಿಸಿ ಹೇಳುವ ಕಷ್ಟ ಬಂದಿರಲಾರದು.

ಆಯ್ಕೆಯ ಕುರ್ಚಿ, ಮತ್ತೆ ನೆಟ್ಟು

2020ರ ಮಾರ್ಚ್ ತಿಂಗಳಲ್ಲಿ ಜೋಶಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಹದಿನೈದೇ ಟೆಸ್ಟ್ ಆಡಿದ, ಗದಗಿನಂಥ ಊರಿನವರಿಗೆ ಆ ಕುರ್ಚಿ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಗಳಿಗೆ ಒಳ್ಳೆಯದಿರಲಿಲ್ಲ. ಕೆಲವೇ ದಿನಗಳಲ್ಲಿ ಕೊರೋನಾ ಬಂದು ಆಟವೆಲ್ಲ ನಿಂತಿತು. ಅಕ್ಟೋಬರಿನಲ್ಲಿ ಅವರ ಸಮಿತಿ ಆಸ್ಟ್ರೇಲಿಯಾ ಪ್ರವಾಸಕ್ಕೆ ತಂಡ ಆರಿಸಿತು. ಆ ತಂಡ 2021ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಸರಣಿ ಗೆದ್ದು ಕುಣಿಯುವ ಹೊತ್ತಿಗೆ ಅಧ್ಯಕ್ಷರು ಬೇರೆಯವರಾಗಿದ್ದರು. ಹೆಚ್ಚು ಟೆಸ್ಟ್ ಆಡಿದವರೇ ಅಧ್ಯಕ್ಷರೆಂಬ ನಿಯಮದ ಪ್ರಕಾರ 2020ರ ಡಿಸೆಂಬರಿನಲ್ಲಿ ಆ ಸ್ಥಾನ ಚೇತನ್ ಶರ್ಮರಿಗೆ ಹೋಗಿತ್ತು. ಜೋಶಿ ಸದಸ್ಯರಾಗಿ ಉಳಿದರು. 2022ರ ನವೆಂಬರಿನಲ್ಲಿ ಟ್ವೆಂಟಿ-20 ವಿಶ್ವ ಕಪ್ಪಿನ ಸೆಮಿಫೈನಲ್ ಸೋಲಿನ ನಂತರ ಇಡೀ ಸಮಿತಿಯನ್ನೇ ಮಂಡಳಿ ಕಿತ್ತುಹಾಕಿತು.

ಕುರ್ಚಿ ಹೋದರೆ ಮಾಸ್ತರನಿಗೆ ಹೋಗಲು ಜಾಗವೊಂದು ಇದ್ದೇ ಇರುತ್ತದೆ: ನೆಟ್ಟಿನ ಹಿಂದೆ, ಅಂಪೈರ್ ನಿಲ್ಲುವ ಜಾಗದ ಪಕ್ಕದಲ್ಲಿ. 2023ರಲ್ಲಿ ಜೋಶಿ ಐಪಿಎಲ್‌ನ ಪಂಜಾಬ್ ಕಿಂಗ್ಸ್ ತಂಡದ ಸ್ಪಿನ್ ಕೋಚ್ ಆದರು, 2025ರ ಸಾಲಿನ ತನಕ ಅಲ್ಲಿದ್ದರು. ಆ ವರ್ಷ ರಿಕಿ ಪಾಂಟಿಂಗ್ ಮುಖ್ಯ ಕೋಚ್. ತಂಡ ಫೈನಲ್ ತಲುಪಿತು. ಜೂನ್ 3ರಂದು ಅಹಮದಾಬಾದಿನಲ್ಲಿ 6 ರನ್ನಿನಿಂದ ಸೋತದ್ದು ಯಾರಿಗೆ? ಹದಿನೆಂಟು ವರ್ಷ ಕಾದು ಮೊದಲ ಕಪ್ ಎತ್ತಿದ ಬೆಂಗಳೂರಿನ ರಾಯಲ್ ಚಾಲೆಂಜರ್ಸ್‌ಗೆ. 2008, 2009ರಲ್ಲಿ ಜೋಶಿ ಅಂಗಿ ತೊಟ್ಟು ಆಡಿದ್ದ ಅದೇ ತಂಡಕ್ಕೆ. ಆ ರಾತ್ರಿ ಗದಗಿನ ಬೀದಿಗಳಲ್ಲಿ ಪಟಾಕಿ ಹೊಡೆದವರಲ್ಲಿ ಎಷ್ಟು ಮಂದಿಗೆ ಎದುರು ಪಾಳೆಯದಲ್ಲಿ ತಮ್ಮ ಊರಿನವರೊಬ್ಬರು ಕೂತಿದ್ದಾರೆಂಬುದು ನೆನಪಿತ್ತೋ.

ಇಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ಗದಗಿನ ಹುಡುಗ ನಸುಕಿನಲ್ಲಿ ಎದ್ದರೆ ಹುಬ್ಬಳ್ಳಿ ಮುಟ್ಟಿ ಶಾಲೆಯ ಹೊತ್ತಿಗೆ ಮರಳಬಲ್ಲ. ಮುಂಡರಗಿಯ ಹುಡುಗನಿಗೆ ಗದಗಕ್ಕೇ ಸುಮಾರು 40 ಕಿಲೊಮೀಟರ್. ಅಲ್ಲಿಂದ ಮುಂದೆ ಹುಬ್ಬಳ್ಳಿ. ಹೋಗಿ ಬರಲು 200 ಕಿಲೊಮೀಟರ್, ಶಾಲೆಗೆ ಮೊದಲು! ಶಿರಹಟ್ಟಿ, ಲಕ್ಷ್ಮೇಶ್ವರದವರಿಗೂ ದಾರಿ ಸುಲಭವಲ್ಲ. ಮೂರೂ ಪೇಟೆಗಳಿಗೆ ರೈಲಿಲ್ಲ, ಇರುವುದು ಬಸ್ಸು. ಜೋಳದ ಕಟಾವಾದ ಮೇಲೆ ಬಯಲಿಗಿಳಿದು, ಸಿಮೆಂಟ್ ಚೀಲದ ಮೇಲೆ ಚೆಂಡು ಬೀಳಿಸುವ ಆಟ ಹೂಡುವ ಎಡಚ ಹುಡುಗರು ಈ ಊರುಗಳಲ್ಲಿ ಎಷ್ಟು ಮಂದಿಯೋ. ಅವರಿಗೆ ಮೈದಾನವೇನೋ ಇದೆ. ಕೈಯನ್ನು ನೋಡಿ, ಬೆರಳು ಇಲ್ಲಿ ಇಡು ಎನ್ನುವವರಿಲ್ಲ.

ಅಲ್ಲಿಯ ತನಕ ಒಂದು ಉಪಾಯವಿದೆ. ದೊಡ್ಡ ಅಕಾಡೆಮಿಗಳಲ್ಲಿ ಅರ್ಧ ಕೆಂಪು, ಅರ್ಧ ಬಿಳಿ ಬಣ್ಣದ ಚೆಂಡನ್ನು ಕೊಟ್ಟು ಸ್ಪಿನ್ ಕಲಿಸುತ್ತಾರೆ. ಅದು ಸಿಗದಿದ್ದರೆ ಟೆನಿಸ್ ಚೆಂಡಿನ ನಡುವಿನಲ್ಲಿ ಬಾಲ್‌ಪೆನ್ನಿನಿಂದ ಸುತ್ತಲೂ ದಪ್ಪನೆಯ ಗೆರೆ ಎಳೆದರಾಯಿತು. ತೋರುಬೆರಳನ್ನು ಆ ಗೆರೆಯ ಮೇಲೆ ಅಡ್ಡವಾಗಿಟ್ಟು ತಿರುವಿ, ನಾಲ್ಕು ಹೆಜ್ಜೆ ದೂರದ ಗೆಳೆಯನ ಕೈಗೆ ಎಸೆಯಬೇಕು. ಗೆಳೆಯ ಚೆಂಡನ್ನು ಬಿಟ್ಟು ಗೆರೆಯನ್ನೇ ನೋಡಬೇಕು. ಗಾಳಿಯಲ್ಲಿ ಗೆರೆ ಸ್ಪಷ್ಟವಾಗಿ ಒಂದೇ ಗೆರೆಯಾಗಿ ಕಂಡರೆ ಬೆರಳು ಸರಿಯಾಗಿ ಬಿದ್ದಿದೆ. ಮಸುಕಾಗಿ, ಅಲ್ಲಾಡಿದಂತೆ ಕಂಡರೆ ಚೆಂಡನ್ನು ವಾಪಸು ಎಸೆದು ಇನ್ನೊಮ್ಮೆ ಹಾಕಿಸಬೇಕು.